ಕತ್ತರಿಸಿ ಹೋದ ಇಪ್ಪತ್ತು ಮಣಿ

ಜೆಲ್ಲಕ್ಕನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಪ್ರಯೋಗಾಲಯದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದು ಅರ್ಧ ಸತ್ಯ. ಸಿಟ್ಟು ಅವಳ ಮೈತುಂಬ ಇತ್ತು, ಮೂಗಿನ ತುದಿ ಅದಕ್ಕೆ ಹೊಸ್ತಿಲು ಮಾತ್ರ. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ಪ್ರೋಟೀನು ಕೋಣೆಯಲ್ಲಿ, ಇಪ್ಪತ್ತಮೂರು ವರ್ಷಗಳಿಂದ ಅವಳು ತಂತ್ರಜ್ಞೆ. ಎರಡು ಗಾಜಿನ ಹಲಗೆಗಳ ನಡುವೆ ತೆಳ್ಳಗೆ ಜೆಲ್ ಎರೆಯುವುದು, ಅದು ಗಟ್ಟಿಯಾದ ಮೇಲೆ ಕರೆಂಟು ಕೊಟ್ಟು ಪ್ರೋಟೀನುಗಳನ್ನು ಅದರೊಳಗೆ ಓಡಿಸುವುದು, ಸಣ್ಣವು ಎಷ್ಟು ದೂರ ಓಡಿದವು, ದಪ್ಪನೆಯವು ಎಲ್ಲಿ ಸಿಕ್ಕಿಬಿದ್ದವು ಎಂದು ನೋಡುವುದು ಅವಳ ಕೆಲಸ. ಅವಳಷ್ಟು ಚೆನ್ನಾಗಿ ಜೆಲ್ ಎರೆಯುವವರು ಆ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ. ಹೆಸರು ಬಂದದ್ದು ಹಾಗೆ. ಗುಳ್ಳೆ ಬಿದ್ದ ಜೆಲ್ ಎರೆದ ಹೊಸಬರು ಅವಳ ಬಾಯಿಗೆ ಸಿಕ್ಕಿದರೆ ಅವತ್ತು ಅವರಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಮಂಗಳವಾರ ಅವಳ ಬಿಳಿ ಕೋಟಿನ ಜೇಬು ಹರಿದಿತ್ತು. ಹೊಲಿಸಲು ಅಣ್ಣನ ಅಂಗಡಿಗೆ ಹೋದಳು. ಅಣ್ಣ ದರ್ಜಿ. ಒಂದೇ ಬಾಗಿಲಿನ ಅಂಗಡಿ, ಕತ್ತರಿಸುವ ಮೇಜು, ಕಾಲಿನಲ್ಲಿ ತುಳಿಯುವ ಹಳೆಯ ಹೊಲಿಗೆ ಯಂತ್ರ, ಗೋಡೆಯ ಮೊಳೆಗೆ ತೂಗುಹಾಕಿದ ಕಾಗದದ ಅಚ್ಚುಗಳು. ಕಾಲರಿನದೊಂದು, ತೋಳಿನದೊಂದು, ಜೇಬಿನದೊಂದು. ಜೇಬಿನ ಅಚ್ಚು ಮಾತ್ರ ಹೊಸದಾಗಿ ಬೆಳ್ಳಗಿತ್ತು, ಅದರ ಮೂಲೆಯಲ್ಲಿ ಆಸ್ಪತ್ರೆಯ ಮೊಹರು ಅರ್ಧಕ್ಕೆ ಕತ್ತರಿಸಿಕೊಂಡು ಕೂತಿತ್ತು. ಜೆಲ್ಲಕ್ಕ ಅದನ್ನು ಮೊಳೆಯಿಂದ ಕಿತ್ತು ಓದಿದಳು. ಔಷಧ ಸಮಿತಿಯ ಪತ್ರ. ರೋಗಿಯ ಡಿಎನ್‌ಎಯಲ್ಲಿ ಕಂಡ ಬದಲಾವಣೆ ಪ್ರೋಟೀನಿನ ಐವತ್ತನೇ ಸ್ಥಾನದಲ್ಲಿದೆ, ತಾಯಿಯ ವರದಿಯಲ್ಲಿರುವುದು ಮೂವತ್ತನೇ ಸ್ಥಾನದ್ದು, ಎರಡೂ ಬೇರೆ ಬೇರೆಯಾದ್ದರಿಂದ ಔಷಧ ಕೊಡಲು ಬರುವುದಿಲ್ಲ. ತಾರೀಖು ನೋಡಿದಳು. ಎಂಟು ತಿಂಗಳ ಹಿಂದಿನದು.

“ಇದೇನಣ್ಣ?”

ಅಣ್ಣ ಸೂಜಿಗೆ ದಾರ ಪೋಣಿಸುತ್ತಿದ್ದವನು ಕತ್ತೆತ್ತಿ ನೋಡಿ, “ಜೇಬು” ಎಂದ.

ಜೆಲ್ಲಕ್ಕನಿಗೆ ಪಿತ್ತ ನೆತ್ತಿಗೇರಿತು. ಎಂಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯಲ್ಲ, ಅಮ್ಮ ಹೇಗೆ ಹೋದಳೆಂದು ಮರೆತುಹೋಯಿತೇ, ನಾನು ಕೆಲಸ ಮಾಡುವುದು ಆ ಆಸ್ಪತ್ರೆಯ ಹಿತ್ತಲಲ್ಲೇ ಅಲ್ಲವೇ ಎಂದು ಒಂದೇ ಉಸಿರಿನಲ್ಲಿ ಬೈದಳು. ಅಣ್ಣ ಎಂದಿನಂತೆ ಸುಮ್ಮನೆ ಕೇಳಿಸಿಕೊಂಡ. ಅವನ ಸ್ವಭಾವವೇ ಅದು, ಕಲ್ಲಿನ ಮೇಲೆ ನೀರು ಹೊಯ್ದಂತೆ. ಹೇಳಿದರೆ ನೀನು ಅಲ್ಲಿ ಹೋಗಿ ಜಗಳ ಕಾಯುತ್ತಿದ್ದೆ, ಇರುವ ಕೆಲಸವನ್ನೂ ಕಳೆದುಕೊಳ್ಳುತ್ತಿದ್ದೆ, ಅವರೆಲ್ಲ ಓದಿದವರು, ಬೇರೆ ಎಂದರೆ ಬೇರೆಯೇ ಇರಬೇಕು ಎಂದಷ್ಟೇ ಹೇಳಿದ. ಮಾತಾಡುತ್ತಲೇ ಬಗ್ಗಿ ನೋಡಿ ಪಾದವನ್ನು ತುಳಿಮಣೆಯ ಮೇಲೆ ಸರಿಯಾಗಿ ಇಟ್ಟುಕೊಂಡ. ಪಾದ ಎಲ್ಲಿದೆ ಎಂಬುದು ಅವನಿಗೆ ಕಣ್ಣಿನಿಂದ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಆಗಲೇ ಜೆಲ್ಲಕ್ಕನಿಗೆ ಬಾಗಿಲ ಹಿಂದೆ ಒರಗಿಸಿಟ್ಟ ಕೋಲು ಕಂಡದ್ದು. ಹೊಸ ಕೋಲು. ಹಿಡಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

ಆ ಮನೆಯ ಕಾಯಿಲೆಯ ಕಥೆ ಇಷ್ಟು. ಲಿವರಿನಲ್ಲಿ ಒಂದು ಪ್ರೋಟೀನು ತಯಾರಾಗುತ್ತದೆ. ಡಿಎನ್‌ಎಯಲ್ಲಿ ಬರೆದದ್ದನ್ನು ಆರ್‌ಎನ್‌ಎ ನಕಲು ಮಾಡಿಕೊಂಡು ಬರುತ್ತದೆ, ಜೀವಕೋಶ ಆ ನಕಲನ್ನು ಮೂರು ಮೂರು ಅಕ್ಷರದಂತೆ ಓದಿ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಒಂದೊಂದಾಗಿ ಪೋಣಿಸುತ್ತದೆ. ಪೋಣಿಸಿದ ಸರ ಮಡಚಿಕೊಂಡು ತನ್ನ ಆಕಾರಕ್ಕೆ ಬಂದ ಮೇಲೆ, ಅಂಥ ನಾಲ್ಕು ಸೇರಿ ಒಂದು ಕಟ್ಟಾಗಿ, ರಕ್ತದಲ್ಲಿ ವಿಟಮಿನ್ ಎ ಸಾಗಿಸಲು ನೆರವಾಗುತ್ತ ಅದರ ಪಾಡಿಗೆ ಅದು ತಿರುಗುತ್ತದೆ. ಅಮ್ಮನಲ್ಲಿ ಒಂದೇ ಒಂದು ಮಣಿ ಬದಲಾಗಿತ್ತು. ವ್ಯಾಲೀನ್ ಇರಬೇಕಾದ ಕಡೆ ಮೆಥಿಯೋನೀನ್. ಅಷ್ಟಕ್ಕೇ ಕಟ್ಟು ಸಡಿಲವಾಗಿ, ನಾಲ್ಕೂ ಬಿಚ್ಚಿಕೊಂಡು, ಆಕಾರ ಕೆಟ್ಟು, ಒಂದಕ್ಕೊಂದು ಅಂಟಿ ನಾರಿನಂತಾಗಿ ನರಗಳಲ್ಲಿ ಹೋಗಿ ಕೂತವು. ಮೊದಲು ಪಾದ ಮರಗಟ್ಟಿತು, ಆಮೇಲೆ ಮೊಣಕಾಲು, ಆಮೇಲೆ ಬೆರಳು, ಕೊನೆಗೆ ಹೃದಯ. ಆರು ವರ್ಷದಲ್ಲಿ ಅಮ್ಮ ಮುಗಿದಳು. ಆಗ ಔಷಧವಿರಲಿಲ್ಲ. ಈಗ ಒಂದು ಮಾತ್ರೆ ಬಂದಿದೆ, ಆ ನಾಲ್ಕನ್ನೂ ಬಿಚ್ಚದಂತೆ ಹಿಡಿದಿಡುತ್ತದೆ. ಹೋದದ್ದನ್ನು ಅದು ತಂದುಕೊಡುವುದಿಲ್ಲ, ಇರುವುದನ್ನು ಉಳಿಸುತ್ತದೆ. ಮನೆಯಲ್ಲಿ ಕಾಯಿಲೆ ತಂದ ಬದಲಾವಣೆಯೇ ರೋಗಿಯಲ್ಲೂ ಇರಬೇಕು ಎಂಬುದು ಸಮಿತಿಯ ಮೊದಲ ನಿಯಮ. ಎರಡನೆಯದು, ಉಳಿಸಲು ಏನಾದರೂ ಇರಬೇಕಲ್ಲ ಎಂದು: ಆಸರೆಯಿಲ್ಲದೆ ನಡೆಯುವವರಿಗೆ ಮಾತ್ರ ಮಾತ್ರೆ. ಕೋಲು ಹಿಡಿದವರಿಗೆ ಇಲ್ಲ. ಜೆಲ್ಲಕ್ಕನೂ ಪರೀಕ್ಷೆ ಮಾಡಿಸಿಕೊಂಡಿದ್ದಳು, ಅವಳಿಗೆ ಆ ಬದಲಾವಣೆ ಬಂದಿರಲಿಲ್ಲ. ತನಗೆ ಬಾರದೆ ಅಣ್ಣನಿಗೆ ಬಂತಲ್ಲ ಎಂಬುದೂ ಅವಳ ಹಳೆಯ ಸಿಟ್ಟುಗಳಲ್ಲಿ ಒಂದು.

“ಕೋಲು ಯಾವಾಗಿಂದ?”

“ಮೂರು ವಾರ. ಬರೀ ರಸ್ತೆ ದಾಟೋಕೆ.”

ಜೆಲ್ಲಕ್ಕ ಜೇಬಿನ ಆಕಾರದ ಆ ಕಾಗದವನ್ನು ಕೋಟಿನ ಹರಿಯದ ಜೇಬಿಗೆ ತುರುಕಿಕೊಂಡು ಹೊರಟಳು. ಐವತ್ತು ಮತ್ತು ಮೂವತ್ತು. ದಾರಿಯುದ್ದಕ್ಕೂ ಅವಳಿಗೆ ಒಂದೇ ಅನುಮಾನ, ಇದು ಆ ಎದುರು ಕೋಣೆಯವರ ಕಿತಾಪತಿ.

ಎದುರು ಕೋಣೆಯೆಂದರೆ ಡಿಎನ್‌ಎ ಕೋಣೆ. ಪ್ರೋಟೀನು ಕೋಣೆಗೂ ಅದಕ್ಕೂ ನಡುವೆ ಇರುವುದು ಆರು ಹೆಜ್ಜೆಯ ಓಣಿ. ಆ ಆರು ಹೆಜ್ಜೆಯನ್ನು ಹನ್ನೊಂದು ವರ್ಷಗಳಿಂದ ಯಾರೂ ದಾಟಿರಲಿಲ್ಲ. ಒಂದು ಬೇಸಿಗೆಯಲ್ಲಿ ಎದುರು ಕೋಣೆಯವರು ತಮ್ಮ ಹೊಸ ಯಂತ್ರಕ್ಕೆ ಪ್ಲಗ್ ಸಿಗದೆ, ಓಣಿಯಲ್ಲಿದ್ದ ಇವರ ಫ್ರೀಜರಿನ ಪ್ಲಗ್ ಕಿತ್ತು ತಮ್ಮದನ್ನು ಚುಚ್ಚಿದ್ದರು. ಶನಿವಾರ ಕಿತ್ತದ್ದು, ಸೋಮವಾರ ಗೊತ್ತಾದದ್ದು. ನಾಲ್ಕು ವರ್ಷ ಕೂಡಿಟ್ಟ ಪ್ರೋಟೀನು ಮಾದರಿಗಳು ಕೊಳೆತು ಗಬ್ಬೆದ್ದು ಹೋಗಿದ್ದವು. ಅಂದಿನಿಂದ ಮಾತುಕತೆ ಬಂದ್. ಒಂದೇ ರೋಗಿಯ ರಕ್ತ ಎರಡೂ ಕೋಣೆಗೆ ಬಂದರೂ ಇವರ ವರದಿಯನ್ನು ಅವರು ನೋಡುತ್ತಿರಲಿಲ್ಲ, ಅವರದ್ದನ್ನು ಇವರು ಮೂಸುತ್ತಲೂ ಇರಲಿಲ್ಲ. ಮುಚ್ಚಿದ ಲಕೋಟೆಗಳು ಬೇರೆ ಬೇರೆಯಾಗಿ ಆಸ್ಪತ್ರೆಗೆ ಹೋಗುತ್ತಿದ್ದವು. ಜಗಳ ಮಾಡಿದವರಲ್ಲಿ ಅರ್ಧ ಜನ ನಿವೃತ್ತರಾದರು, ಜಗಳ ಮಾತ್ರ ಕೆಲಸದಲ್ಲೇ ಇತ್ತು.

ಆ ದಿನ ಜೆಲ್ಲಕ್ಕ ಆರು ಹೆಜ್ಜೆಯನ್ನು ಮೂರರಲ್ಲಿ ದಾಟಿದಳು. ಒಳಗೆ ಆ ಕೋಣೆಯ ಮುಖ್ಯಸ್ಥನಿದ್ದ. ದಿನವಿಡೀ ಪರದೆಯ ಮೇಲೆ ಡಿಎನ್‌ಎಯ ನಾಲ್ಕು ಅಕ್ಷರಗಳನ್ನು ಓದುತ್ತ ಕೂರುತ್ತಿದ್ದದ್ದರಿಂದ ಇವರ ಕಡೆಯವರು ಅವನಿಗೆ ಅಕ್ಷರಪ್ಪ ಎಂದು ಹೆಸರಿಟ್ಟಿದ್ದರು. ಜೆಲ್ಲಕ್ಕ ಕಾಗದವನ್ನು ಅವನ ಕೀಲಿಮಣೆಯ ಮೇಲೆ ಕುಕ್ಕಿ, ನೀವು ತಪ್ಪು ಓದಿದ್ದರಿಂದ ನನ್ನ ಅಣ್ಣನ ಕಾಲು ಹೋಗುತ್ತಿದೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದಳು. ಅಕ್ಷರಪ್ಪ ಬೆಚ್ಚಿದನಾದರೂ ಎದುರಾಡಲಿಲ್ಲ. ಅಣ್ಣನ ಡಿಎನ್‌ಎಯನ್ನು ಪರದೆಗೆ ತಂದು, ಮೊದಲ ಮಣಿಯಿಂದ ಬೆರಳಿಟ್ಟು ಎಣಿಸಿ ತೋರಿಸಿದ. ಐವತ್ತನೆಯದು. ವ್ಯಾಲೀನ್ ಇರಬೇಕಾದ ಕಡೆ ಮೆಥಿಯೋನೀನ್.

ಜೆಲ್ಲಕ್ಕನ ಕಣ್ಣು ಪರದೆಯ ಮೇಲೆ ಹಿಂದಕ್ಕೆ ಹೋಯಿತು. ಮೊದಲ ಇಪ್ಪತ್ತು ಮಣಿಗಳು. ಅವು ಅವಳಿಗೆ ಗೊತ್ತು. ಈ ಪ್ರೋಟೀನನ್ನು ಜೀವಕೋಶದಿಂದ ಹೊರಗೆ ಕಳಿಸಬೇಕು ಎಂದು ಹೇಳುವ ವಿಳಾಸದ ಚೀಟಿ ಅದು. ಹೊರಗೆ ಕಳಿಸುವ ದಾರಿ ಹಿಡಿಯುತ್ತಲೇ ಜೀವಕೋಶ ಆ ಚೀಟಿಯನ್ನು ಕತ್ತರಿಸಿ ಎಸೆಯುತ್ತದೆ. ರಕ್ತದಲ್ಲಿ ಸಿಗುವ ಪ್ರೋಟೀನಿನಲ್ಲಿ ಆ ಇಪ್ಪತ್ತು ಇರುವುದೇ ಇಲ್ಲ. ಐವತ್ತರಲ್ಲಿ ಇಪ್ಪತ್ತು ಹೋದರೆ ಮೂವತ್ತು. ಅಮ್ಮನದೂ ಅಣ್ಣನದೂ ಒಂದೇ ಮಣಿ.

“ಬಿದ್ದುಹೋಗೋ ಇಪ್ಪತ್ತನ್ನ ಯಾಕ್ರೀ ಎಣಿಸ್ತೀರಾ?” ಎಂದಳು.

“ಅಕ್ಕ, ನಾವು ಬರೆದಿರೋದನ್ನ ಎಣಿಸ್ತೀವಿ. ನೀವು ಉಳಿದಿರೋದನ್ನ ಎಣಿಸ್ತೀರಿ. ಮೊದಲಿಂದ ಎಣಿಸಿದ್ದೀವಿ ಅಂತ ನಮ್ಮ ವರದಿಯ ಕೆಳಗೆ ಒಂದು ಸಾಲು ಇದೆ. ನಿಮ್ಮದರಲ್ಲಿ ಇದೆಯಾ?”

ಇವನಿಗೆಷ್ಟು ಕೊಬ್ಬು ಎಂದು ಹಲ್ಲು ಕಡಿಯುತ್ತ ಅವಳು ತನ್ನ ಕೋಣೆಗೆ ವಾಪಸು ಬಂದು ಹಳೆಯ ಕಡತ ತೆಗೆದಳು. ಅಮ್ಮನ ನರದಿಂದ ತೆಗೆದ ಚೂರಿನ ವರದಿ. ಅದರಲ್ಲಿದ್ದ ಪ್ರೋಟೀನನ್ನು ತುಂಡು ಮಾಡಿ, ತುಂಡುಗಳನ್ನು ತೂಗಿ, ಯಾವ ಮಣಿ ಬದಲಾಗಿದೆ ಎಂದು ಕಂಡುಹಿಡಿದವಳು ಅವಳೇ. ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ. ಅಮ್ಮನಿಗೆ ಮಗಳು ಮಾಡಬಹುದಾದದ್ದು ಅಷ್ಟೇ ಎಂದು ಆಗ ಅತ್ತಿದ್ದಳು, ಆಮೇಲೆ ಆ ಕೆಲಸದ ಬಗ್ಗೆ ಗುಟ್ಟಾಗಿ ಹೆಮ್ಮೆಯೂ ಪಟ್ಟಿದ್ದಳು. ಮೂವತ್ತನೇ ಸ್ಥಾನ. ಕೆಳಗೆ ಅವಳ ಸಹಿ. ಎಲ್ಲಿಂದ ಎಣಿಸಿದ್ದು ಎಂಬ ಸಾಲು ಇರಲಿಲ್ಲ. ಪ್ರೋಟೀನು ಕೋಣೆಯಲ್ಲಿ ಕೈಗೆ ಸಿಕ್ಕಿದ್ದನ್ನೇ ಎಣಿಸುವುದು ರೂಢಿ, ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇನು? ಆ ಎಲ್ಲರೂ ಆ ಕೋಣೆಯೊಳಗೇ ಇದ್ದವರು. ಜೆಲ್ಲಕ್ಕ ಕಡತವನ್ನು ಪಟ್ಟನೆ ಮುಚ್ಚಿದಳು. ತನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅವಳಿಗೆ ರೂಢಿಯಿರಲಿಲ್ಲ. ಹಾಗಾಗಿ ಅಂದು ಅದನ್ನೂ ಸಮಿತಿಯ ಲೆಕ್ಕಕ್ಕೇ ಸೇರಿಸಿದಳು.

ಸಮಿತಿಯ ಮುಂದೆ ನಿಲ್ಲಲು ಒಂಬತ್ತು ದಿನ ಬೇಕಾಯಿತು. ಅರ್ಜಿ ಹೊಸ ನಮೂನೆಯಲ್ಲಿರಬೇಕು ಎಂದರು, ಹೊಸ ನಮೂನೆ ಖಾಲಿಯಾಗಿದೆ ಎಂದರು, ಅಧ್ಯಕ್ಷರು ರಜೆ ಎಂದರು. ಅಷ್ಟರಲ್ಲಿ ಅಣ್ಣ ಅಂಗಡಿಯಲ್ಲಿ ಎರಡು ಸಲ ಮುಗ್ಗರಿಸಿದ್ದ. ಅತ್ತಿಗೆ ಅದನ್ನೂ ಮುಚ್ಚಿಡಲು ನೋಡಿದಳು, ಮಂಡಿಯ ಗಾಯ ಮುಚ್ಚಿಡಲು ಬಿಡಲಿಲ್ಲ.

ಸಮಿತಿಯ ಐವರಲ್ಲಿ ಈ ಕಾಯಿಲೆಯ ಮುಖ ನೋಡಿದವರು ಒಬ್ಬರೂ ಇರಲಿಲ್ಲ. ಅಧ್ಯಕ್ಷರು ಹೃದಯದ ಡಾಕ್ಟರು, ಬಹಳ ಮರ್ಯಾದೆಯ ಮನುಷ್ಯ. ಮರ್ಯಾದೆಯಿಂದಲೇ ಅವರು ಜೆಲ್ಲಕ್ಕನ ಮಾತನ್ನು ಅರ್ಧಕ್ಕೆ ತಡೆದರು. ಅವಳು ಮಣಿ, ಚೀಟಿ, ಕತ್ತರಿಸುವುದು ಎಂದೆಲ್ಲ ಹೇಳುತ್ತ ಹೋದಂತೆ ದನಿ ಏರುತ್ತಿತ್ತು, ಅವಳ ದನಿ ಏರಿದಷ್ಟೂ ಅವರು ಕುರ್ಚಿಗೆ ಒರಗುತ್ತಿದ್ದರು. ನೋಡಮ್ಮ, ಎರಡು ಅಂಕಿ ಬೇರೆ ಇವೆ, ಹೊಂದಿಸಿಕೊಡಿ ಎಂದು ಸಂಬಂಧಿಕರು ಬಂದು ಕೇಳಿದರೆ ನಾವು ಹೊಂದಿಸಲಾಗುತ್ತದೆಯೇ, ಪರಿಣತರಿಂದ ಪತ್ರ ತನ್ನಿ, ಮುಂದಿನ ಸಭೆ ಆರು ವಾರಕ್ಕಿದೆ ಎಂದರು. ಆ ಕೆಲಸ ಮಾಡಿದವಳೇ ನಾನು, ಅದರ ಕೆಳಗಿನ ಸಹಿ ನನ್ನದು ಎಂದಳು ಜೆಲ್ಲಕ್ಕ. ತಂತ್ರಜ್ಞರ ಸಹಿ ಸಾಲದು ಎಂದರು ಅವರು. ಜೆಲ್ಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಎತ್ತಿ ಅವರ ತಲೆಯ ಮೇಲೆ ಸುರಿಯುವುದೊಂದು ಬಾಕಿ.

ಆಗ ಜೆಲ್ಲಕ್ಕನ ಪಕ್ಕದಲ್ಲಿದ್ದ ಅಣ್ಣ ಕುಳಿತಲ್ಲಿಂದಲೇ ಕೊರಳಲ್ಲಿದ್ದ ಅಳತೆ ಟೇಪು ತೆಗೆದ. ಅಂಗಡಿಯಿಂದ ನೇರವಾಗಿ ಬಂದಿದ್ದವನು ಅದನ್ನು ತೆಗೆದಿಡಲು ಮರೆತಿದ್ದ. ಹಳೆಯ ಟೇಪು, ತುದಿ ಸವೆದು ಹರಿದು, ಮೊದಲ ಎರಡು ಇಂಚನ್ನು ಅವನು ಎಂದೋ ಕತ್ತರಿಸಿ ಎಸೆದಿದ್ದ.

“ಸಾರ್, ಸ್ವಲ್ಪ ಕೈ ಕೊಡ್ತೀರಾ?”

ಅಧ್ಯಕ್ಷರು ಏನೂ ತಿಳಿಯದೆ ಕೈ ಚಾಚಿದರು. ಅಣ್ಣ ಮೇಜು ಹಿಡಿದು ಎದ್ದು, ಟೇಪಿನ ಕತ್ತರಿಸಿದ ತುದಿಯನ್ನು ಅವರ ಭುಜಕ್ಕೆ ಹಿಡಿದು ಮಣಿಕಟ್ಟಿನವರೆಗೆ ಎಳೆದ.

“ಇಲ್ಲಿ ಏನಂತ ಬರೆದಿದೆ ಓದಿ. ಇಪ್ಪತ್ತಾರು. ಆದ್ರೆ ನಾನು ಅಂಗಿ ಹೊಲಿಯೋದು ಇಪ್ಪತ್ತನಾಲ್ಕಕ್ಕೆ. ಯಾಕಂದ್ರೆ ಮುಂದಿನ ಎರಡು ಇಂಚು ಹೋಗಿದೆ ಅಂತ ನನಗೆ ಗೊತ್ತು. ಬೇರೆ ದರ್ಜಿ ಹೊಸ ಟೇಪಲ್ಲಿ ಅಳೆದ್ರೆ ಇಪ್ಪತ್ತನಾಲ್ಕು ಅಂತಲೇ ಬರುತ್ತೆ. ನಿಮ್ಮ ಹತ್ರ ಎರಡು ಚೀಟಿ ಬಂದ್ರೆ ಬೇರೆ ಬೇರೆ ತೋಳಿನದು ಅಂತೀರಾ ಸಾರ್? ತೋಳು ಒಂದೇ.”

ಅಧ್ಯಕ್ಷರು ತಮ್ಮ ತೋಳನ್ನೂ ಟೇಪನ್ನೂ ನೋಡಿದರು, ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರಪ್ಪನಿಗೆ ಫೋನು ಮಾಡಿದರು. ಫೋನು ಇಟ್ಟವರು, ಅವರದರಲ್ಲಿ ಎಲ್ಲಿಂದ ಎಣಿಸಿದ್ದೆಂದು ಬರೆದಿದೆ, ನಿಮ್ಮದರಲ್ಲಿ ಇಲ್ಲ ಎಂದು ಜೆಲ್ಲಕ್ಕನಿಗೆ ತೋರಿಸಿದರು, ಅವರ ಮುಖ ಕೆಂಪಗಾಗಿತ್ತು. ಸರಿ, ಒಂದೇ, ಒಪ್ಪಿದೆವು ಎಂದರು. ಆ ಒಂದು ಮಾತಿಗೆ ಎಂಟು ತಿಂಗಳು ಹಿಡಿದಿತ್ತು.

ಆದರೆ ಎರಡನೇ ನಿಯಮ ಹಾಗೇ ಇತ್ತು. ಓಣಿಯಲ್ಲಿ ಹತ್ತು ಮೀಟರು, ಆಸರೆಯಿಲ್ಲದೆ. ನೆಲದ ಮೇಲೆ ಎರಡು ಹಳದಿ ಪಟ್ಟಿ ಅಂಟಿಸಿದ್ದರು. ಅಣ್ಣ ಕೋಲನ್ನು ಬೆಂಚಿಗೆ ಒರಗಿಸಿ ಎದ್ದ. ಜೆಲ್ಲಕ್ಕ ಕೈ ಚಾಚಲು ಹೋದಾಗ ನರ್ಸು ಅವಳನ್ನು ಹಿಂದಕ್ಕೆ ಕರೆದಳು, ಮುಟ್ಟಿದರೆ ಆಸರೆ ಎಂದೇ ಬರೆಯಬೇಕಾಗುತ್ತದೆ. ಜೆಲ್ಲಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಅಣ್ಣ ತಲೆ ತಗ್ಗಿಸಿ ನಡೆದ. ನೆಲಕ್ಕೆ ಹಾಸಿದ ಚಪ್ಪಡಿಗಳ ಸಂದನ್ನು ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಯಂತೆ ನೋಡುತ್ತ, ಗೆರೆಗೊಂದು ಹೆಜ್ಜೆ ಇಡುತ್ತ ಹೋದ. ಪಾದಗಳು ಅವನಿಗೆ ಏನೂ ಹೇಳುತ್ತಿರಲಿಲ್ಲ, ಅವನೇ ಅವುಗಳಿಗೆ ಹೇಳಬೇಕಿತ್ತು. ಆರು ಮೀಟರಿನ ಹತ್ತಿರ ಯಾರೋ ಕೋಣೆಯೊಂದರಿಂದ ಗಾಡಿ ತಳ್ಳಿಕೊಂಡು ಹೊರಬಂದರು. ಅಣ್ಣ ತಲೆ ಎತ್ತಿದ. ತಲೆ ಎತ್ತಿದ್ದೇ ತಡ, ಎಡಗಾಲು ಎಲ್ಲಿದೆಯೆಂದು ತಪ್ಪಿಹೋಯಿತು. ಮೈ ವಾಲಿತು. ಕೈ ಗೋಡೆಯ ಕಡೆಗೆ ಹೋಯಿತು, ಗೋಡೆಗೂ ಬೆರಳಿಗೂ ಒಂದು ಅಂಗಿಯ ಗುಂಡಿಯಷ್ಟು ಜಾಗವಿರುವಾಗ ನಿಂತಿತು. ಅವನು ಹಾಗೇ ನಿಂತು ಉಸಿರು ಎಳೆದುಕೊಂಡ, ಮತ್ತೆ ತಲೆ ತಗ್ಗಿಸಿ ಕಾಲು ಹುಡುಕಿಕೊಂಡ, ಉಳಿದ ನಾಲ್ಕು ಮೀಟರು ನಡೆದು ಹಳದಿ ಪಟ್ಟಿ ದಾಟಿದ. ಆಸರೆಯಿಲ್ಲದೆ ಎಂದು ನರ್ಸು ಬರೆದಳು. ಅಧ್ಯಕ್ಷರು ಸಹಿ ಹಾಕಿದರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಣ್ಣನ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊದಲ ತಿಂಗಳ ಮಾತ್ರೆ. ಜೆಲ್ಲಕ್ಕನ ಬಾಯಿ ಬಿಡುವಿಲ್ಲದೆ ನಡೆಯುತ್ತಿತ್ತು. ಆ ಅಧ್ಯಕ್ಷ ಎಂಥ ದಡ್ಡ, ಆ ಅಕ್ಷರಪ್ಪನಿಗೆ ಎಷ್ಟು ಜಂಬ, ಪ್ಲಗ್ ಕಿತ್ತವರು ಇನ್ನೇನು ಮಾಡಿಯಾರು, ನೀನಾದರೂ ಅಷ್ಟೇ, ಎಂಟು ತಿಂಗಳು ಕಾಗದವನ್ನು ಜೇಬು ಮಾಡಿಕೊಂಡು ಕೂತೆ. ಅಣ್ಣ ನಡುವಿನ ಮೆಟ್ಟಿಲಲ್ಲಿ ಕುಳಿತುಬಿಟ್ಟ. ನೋವಾಯಿತೇನೋ ಎಂದು ಅವಳು ಬಗ್ಗಿದಳು. ಅದು ಅವಳು ಎಂದೂ ನೋಡಿರದ ಮುಖವಾಗಿತ್ತು.

“ಸಾಕು ಮಾಡು ಪುಟ್ಟಿ” ಎಂದ. “ನಾನು ಟೇಪು ಕತ್ತರಿಸಿದ ದಿನ ಅಂಗಡಿ ಗೋಡೆ ಮೇಲೆ ದೊಡ್ಡದಾಗಿ ಬರೆದೆ, ಎರಡು ಕಳೀಬೇಕು ಅಂತ. ನಾನಿಲ್ಲದಾಗ ಬೇರೆಯವರು ಅಳತೆ ತಗೊಂಡ್ರೆ ಯಾರದೋ ಬಟ್ಟೆ ಹಾಳಾಗಬಾರದು ಅಂತ. ನೀನು ಎಲ್ಲಿ ಬರೆದೆ? ಎಲ್ಲರಿಗೂ ಬೈದೆಯಲ್ಲ, ನಾನೂ ಕೇಳಿದೆ. ನನಗೆ ನೀನಿದ್ದೆ. ಅಂಥ ಕಾಗದ ಇನ್ನೆಷ್ಟು ಜನರ ಮನೇಲಿದೆ?”

ಐವತ್ತು ವರ್ಷದಲ್ಲಿ ಅಣ್ಣ ಅವಳ ಮೇಲೆ ಸಿಟ್ಟಾದದ್ದು ಅದೇ ಮೊದಲು. ಜೆಲ್ಲಕ್ಕನಿಗೆ ಅಮ್ಮನ ವರದಿಯನ್ನು ಹಾಕಿದ ಕಡತವನ್ನು ಪಟ್ಟನೆ ಮುಚ್ಚಿದ್ದು ನೆನಪಾಯಿತು. ಅದರಲ್ಲಿ ಇನ್ನೂ ಹಾಳೆಗಳಿದ್ದವು.

ಅವನನ್ನು ಮನೆಗೆ ಬಿಟ್ಟು, ಅತ್ತಿಗೆ ಮುಂದಿಟ್ಟ ಚಹಾ ಕುಡಿಯದೆ, ಅವಳು ಪ್ರಯೋಗಾಲಯಕ್ಕೆ ಹೋದಳು. ಕಡತದಲ್ಲಿ ಅದೇ ಪ್ರೋಟೀನಿನ ವರದಿಗಳು ಅಮ್ಮನದನ್ನು ಬಿಟ್ಟು ಎಂಟು. ಎಂಟರ ಕೆಳಗೂ ಅವಳದೇ ದುಂಡನೆಯ ಸಹಿ, ಒಂದರಲ್ಲೂ ಆ ಸಾಲಿಲ್ಲ. ಅವಳು ಆರು ಹೆಜ್ಜೆ ದಾಟಿ ಅಕ್ಷರಪ್ಪನ ಬಾಗಿಲು ತಟ್ಟಿ, ಈ ಎಂಟು ಮನೆಗಳಲ್ಲಿ ಯಾರ ರಕ್ತ ನಿಮ್ಮಲ್ಲಿಗೆ ಬಂದಿತ್ತು ಎಂದು ಕೇಳಿದಳು. ಬೈಯದೆ ಕೇಳಿದ್ದಕ್ಕೋ ಏನೋ ಅವನು ಗಾಬರಿಯಾಗಿ ಕೂಡಲೇ ಹುಡುಕಿ ಕೊಟ್ಟ. ಮೂರು ಮನೆ. ಮೂರಕ್ಕೂ ಐವತ್ತು ಎಂದೇ ಬರೆದು ಕಳಿಸಿದ್ದರು.

ಮೊದಲ ನಂಬರು ಹತ್ತಲಿಲ್ಲ. ಎರಡನೆಯದರಲ್ಲಿ ಒಬ್ಬ ಹೆಂಗಸು ಎತ್ತಿದಳು, ವಯಸ್ಸಾದ ದನಿ. ಜೆಲ್ಲಕ್ಕ ತಾನು ಎಲ್ಲಿಂದ ಮಾತಾಡುತ್ತಿದ್ದೇನೆಂದು ಹೇಳಿ, ನಿಮ್ಮ ಮನೆಯಲ್ಲಿ ಯಾರಾದರೂ ಆ ಮಾತ್ರೆಗೆ ಅರ್ಜಿ ಹಾಕಿದ್ದರೇ ಎಂದು ಕೇಳಿದಳು.

“ನನ್ನ ಮಗ ಹಾಕಿದ್ದ. ಅವರಪ್ಪನ ರಿಪೋರ್ಟಿಗೂ ಇವನದಕ್ಕೂ ಹೊಂದಲ್ಲ ಅಂದ್ರು. ಯಾಕಮ್ಮ?”

“ಅವರು ಈಗ ಕೋಲಿಲ್ಲದೆ ನಡೀತಾರಾ?”

“ಕೋಲೇನು ಬಂತು? ಹಾಸಿಗೆ ಹಿಡಿದು ಒಂದೂವರೆ ವರ್ಷ ಆಯ್ತು. ನೀವ್ಯಾರು? ಈಗ ಯಾಕೆ ಇದನ್ನೆಲ್ಲ ಕೇಳ್ತಿದ್ದೀರಿ?”

ಸಮಿತಿಯ ಹೆಸರು ಹೇಳಬಹುದಿತ್ತು. ಎದುರು ಕೋಣೆಯವರದನ್ನು ಹೇಳಬಹುದಿತ್ತು, ಫ್ರೀಜರಿನ ಕಥೆಯನ್ನೂ ಸೇರಿಸಬಹುದಿತ್ತು. ಇಷ್ಟು ದಿನ ಎಲ್ಲರಿಗೂ ಹಂಚಿದ ಸಿಟ್ಟೆಲ್ಲ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು.

“ಅವರಪ್ಪನ ರಿಪೋರ್ಟು ಬರೆದಿದ್ದು ನಾನು” ಎಂದಳು ಜೆಲ್ಲಕ್ಕ. “ಅದರಲ್ಲಿ ಒಂದು ಸಾಲು ಬರೀಬೇಕಿತ್ತು. ಬರೀಲಿಲ್ಲ. ಎರಡೂ ಒಂದೇ ಅಮ್ಮ, ಹೊಂದುತ್ತೆ.”

ಆ ತಾಯಿ ಬೈಯಲು ಶುರು ಮಾಡಿದಳು. ಆ ದಿನದವರೆಗೆ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡು ಗೊತ್ತಿಲ್ಲದ ಜೆಲ್ಲಕ್ಕ ಕುರ್ಚಿ ಎಳೆದು ಕುಳಿತು, ಅವಳು ಮುಗಿಸುವವರೆಗೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.